ಬೀಳಗಿಯಿಂದ ಮುಂಬಯಿಗೆ: ಅಮೀರಬಾಯಿ ಕರ್ನಾಟಕಿ ಅವರ ಮೊದಲ ದಿನಗಳು



1943ರಲ್ಲಿ ಬಾಂಬೆ ಟಾಕೀಸಿನವರ ‘ಕಿಸ್ಮತ್’ ಚಿತ್ರ ಬಂತು. ಅಶೋಕ್ ಕುಮಾರ್ ನಾಯಕ, ಮುಮ್ತಾಜ್ ಶಾಂತಿ ನಾಯಕಿ. ಹಾಡು ಬರೆದವರು ಕವಿ ಪ್ರದೀಪ್, ರಾಗ ಹಾಕಿದವರು ಅನಿಲ್ ಬಿಸ್ವಾಸ್. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಯುದ್ಧದ ದಿನಗಳು, ಚಲೇಜಾವ್ ಚಳವಳಿಯ ಬಿಸಿ ಇನ್ನೂ ಆರಿರದ ದಿನಗಳು. ಆ ಚಿತ್ರದ ಹಾಡುಗಳನ್ನು ಪೇಶಾವರದಿಂದ ಮದರಾಸಿನ ತನಕ ಜನ ಬಾಯಿಪಾಠ ಮಾಡಿಕೊಂಡರು. ತೆರೆಯ ಮೇಲೆ ಕಾಣುತ್ತಿದ್ದ ನಾಯಕಿಯ ತುಟಿಗೆ ದನಿ ಕೊಟ್ಟವರು ನಮ್ಮ ಬೀಳಗಿಯ ಹೆಣ್ಣುಮಗಳು, ಅಮೀರಬಾಯಿ ಕರ್ನಾಟಕಿ.

ಆ ಕೀರ್ತಿಯ ದಿನಗಳ ಕಥೆ ಸಾಕಷ್ಟು ಜನರಿಗೆ ಗೊತ್ತು. ನಾನು ಇವತ್ತು ಹೇಳಬೇಕೆಂದಿರುವುದು ಅದರ ಹಿಂದಿನ ಕಥೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ಒಬ್ಬ ಮುಸ್ಲಿಂ ಹುಡುಗಿ, ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ಒಣಸೀಮೆಯ ಸಣ್ಣ ಊರಿನವಳು, ಮುಂಬಯಿಯ ಸ್ಟುಡಿಯೋದ ಬಾಗಿಲಿಗೆ ಹೇಗೆ ಹೋಗಿ ನಿಂತಳು? ಈ ಪ್ರಶ್ನೆಗೆ ‘ದೈವ ಒಲಿಯಿತು’ ಎಂದು ಉತ್ತರ ಹೇಳಿ ಮುಗಿಸುವವರನ್ನು ಬಹಳ ಸಲ ಕೇಳಿದ್ದೇನೆ. ನನಗೆ ಆ ಉತ್ತರ ಒಪ್ಪಿಗೆಯಿಲ್ಲ. ಅದರಲ್ಲಿ ಆಕೆಯ ಕಲಿಕೆ ಕಾಣುವುದಿಲ್ಲ, ಆಕೆಯನ್ನು ಬೆಳೆಸಿದ ಸೀಮೆ ಕಾಣುವುದಿಲ್ಲ, ಮುಂದೆ ನಡೆದು ದಾರಿ ಮಾಡಿಕೊಟ್ಟ ಅಕ್ಕನಂತೂ ಕಾಣುವುದೇ ಇಲ್ಲ.

ಮೊದಲು ಸೀಮೆಯ ಮಾತು. ಇಂದು ನಾವು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. 1997ರಿಂದ ಎಲ್ಲವೂ ಬಾಗಲಕೋಟೆ ಜಿಲ್ಲೆಯೊಳಗಿವೆ. ಅಮೀರಬಾಯಿ ಅವರ ಬಾಲ್ಯದಲ್ಲಿ ಹಾಗಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆ ಅರಸರದು. ರಬಕವಿ ಸಾಂಗಲಿಯ ಪಟವರ್ಧನರಿಗೆ ಸೇರಿದ್ದರೆ, ಕೂಗಳತೆಯ ಬನಹಟ್ಟಿ ಜಮಖಂಡಿಗೆ ಸೇರಿತ್ತು. ಬೀಳಗಿ ಮಾತ್ರ ಇಂಗ್ಲಿಷರ ನೇರ ಆಡಳಿತದ ವಿಜಾಪುರ ಜಿಲ್ಲೆಯಲ್ಲಿತ್ತು, ಮುಂಬಯಿ ಇಲಾಖೆಯೊಳಗೆ. ಒಂದು ದಿನದ ಚಕ್ಕಡಿ ಪ್ರಯಾಣದಲ್ಲಿ ಎರಡು ಮೂರು ಸರಕಾರಗಳ ಗಡಿ ದಾಟಬೇಕು. ಆದರೆ ಹಾಡಿಗೂ ಆಟಕ್ಕೂ ಈ ಗಡಿಗಳು ಅಡ್ಡ ಬರಲಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಓಣಿಯಲ್ಲಿ ದಖನಿ ಉರ್ದು. ಮೂರೂ ಮಾತು ಕಿವಿಗೆ ಬೀಳುತ್ತಲೇ ಮಕ್ಕಳು ಬೆಳೆಯುತ್ತಿದ್ದರು. ಮುಂದೆ ಹಿಂದಿ, ಗುಜರಾತಿ ಭಾಷೆಗಳಲ್ಲಿ ಸಲೀಸಾಗಿ ಹಾಡಿದ ಕಂಠಕ್ಕೆ ಮೊದಲ ಪಾಠಶಾಲೆ ಈ ಓಣಿಯೇ ಎಂದು ನಾನು ನಂಬುತ್ತೇನೆ.

ಇನ್ನು ರಂಗಭೂಮಿ. ಆಧುನಿಕ ಮರಾಠಿ ರಂಗಭೂಮಿಯ ಹುಟ್ಟಿಗೆ ಕಾರಣವಾದದ್ದು ಒಂದು ಕನ್ನಡ ಮೇಳ. ಉತ್ತರ ಕನ್ನಡದ ಕರ್ಕಿಯ ಆಟದವರು 1842ರಲ್ಲಿ ಸಾಂಗಲಿಗೆ ಹೋಗಿ ಆಡಿದರು. ಅದನ್ನು ನೋಡಿದ ಅರಸರು, ಇಂಥದ್ದನ್ನು ಮರಾಠಿಯಲ್ಲಿ ಮಾಡಿ ತೋರಿಸೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಮರುವರ್ಷವೇ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮುಂದೆ 1880ರಲ್ಲಿ ‘ಸಂಗೀತ ಶಾಕುಂತಲ’ ಬರೆದು ಸಂಗೀತ ನಾಟಕದ ಹುಚ್ಚು ಹಿಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಇತ್ತ 1870ರ ದಶಕದಲ್ಲಿ ಗದಗಿನ ಶಾಂತಕವಿಗಳು ಕನ್ನಡ ನಾಟಕಕ್ಕೆ ನೆಲೆ ಕಟ್ಟಿದರು. ಹೀಗೆ ಕೊಟ್ಟು ತೆಗೆದುಕೊಂಡು ಬೆಳೆದ ಸಂಗೀತ ನಾಟಕ ನಮ್ಮ ಜಾತ್ರೆಗಳಲ್ಲಿ ಬೀಡು ಬಿಟ್ಟಿತು. ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ನಾಟಕ ಕಂಪನಿಗಳ ಕ್ಯಾಂಪು ನಿಲ್ಲುತ್ತದೆ. ರಾತ್ರಿ ನಾಟಕ ನೋಡಿದ ನೇಕಾರ ಬೆಳಿಗ್ಗೆ ಮಗ್ಗದ ಕುಣಿಯಲ್ಲಿ ಕುಳಿತು ಅದೇ ಪದ ಗುನುಗುವುದು ರಬಕವಿ ಬನಹಟ್ಟಿಯ ಓಣಿಗಳಿಗೆ ಹೊಸದಲ್ಲ. ಹತ್ತಿರದ ಮಿರಜದಲ್ಲಿ ತಂಬೂರಿ, ಸಿತಾರ ಮಾಡುವವರ ಮನೆತನಗಳಿದ್ದವು. ಗಾಯಕ ಅಬ್ದುಲ್ ಕರೀಂ ಖಾನರು ಅಲ್ಲೇ ನೆಲೆಸಿದ್ದರು. ಪೇಟಿ, ತಬಲಾ, ಠುಮ್ರಿ, ನಾಟ್ಯಗೀತೆ ಇವೆಲ್ಲ ಈ ಕಡೆ ದೊಡ್ಡವರ ದಿವಾಣಖಾನೆಯ ವಸ್ತುಗಳಾಗಿ ಉಳಿಯದೆ ಬಯಲಿಗೂ ಬಂದಿದ್ದವು.

ಇದರ ಜೊತೆಗೇ ಶ್ರೀಕೃಷ್ಣ ಪಾರಿಜಾತ. ಮುಧೋಳ, ಜಮಖಂಡಿ, ಗೋಕಾಕ ಸೀಮೆಯಲ್ಲಿ ಬೆಳಗಿನ ಜಾವದ ತನಕ ನಡೆಯುವ ಆಟ. ಕುಲಗೋಡ ತಮ್ಮಣ್ಣನವರು ರೂಪ ಕೊಟ್ಟ ಈ ಆಟದಲ್ಲಿ ರುಕ್ಮಿಣಿ, ಸತ್ಯಭಾಮೆಯರ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಕೌಜಲಗಿಯ ನಿಂಗಮ್ಮ ಎಂಬ ಕಲಾವಿದೆ ಅದಕ್ಕೆ ಬಂದು ಹೆಸರು ಮಾಡಿದ್ದು ದೊಡ್ಡ ಸಂಗತಿ. ಹೆಣ್ಣು ಗೆಜ್ಜೆ ಕಟ್ಟಿ ಜನರ ಎದುರು ನಿಂತು ಹಾಡುವುದನ್ನು ನಮ್ಮ ಸೀಮೆ ಕಣ್ಣಾರೆ ಕಂಡಿತು. ಕಂಡು ಮೆಚ್ಚಿತು, ಆಡಿಕೊಳ್ಳುವುದನ್ನೂ ಬಿಡಲಿಲ್ಲ.

ಈ ಎರಡನೆಯ ಮಾತನ್ನು ಮರೆಮಾಚುವುದು ಸರಿಯಲ್ಲ. ಹಾಡುವ ಹೆಣ್ಣಿಗೆ ಆಗ ಸಿಗುತ್ತಿದ್ದದ್ದು ಚಪ್ಪಾಳೆ, ಮರ್ಯಾದೆಯಲ್ಲ. ಗಂಡಸು ಸೀರೆ ಉಟ್ಟು ಶಕುಂತಲೆಯಾದರೆ ಕಲಾವಿದ. ಕುಂದಗೋಳದ ಸವಾಯಿ ಗಂಧರ್ವರು ಸ್ತ್ರೀಪಾತ್ರದಲ್ಲಿ ಹಾಡಿ ಜನರ ಮನಸ್ಸು ಗೆದ್ದರು. ಮರಾಠಿ ನಟ ಬಾಲಗಂಧರ್ವರು ಸೀರೆ ಉಡುವ ಬಗೆಯನ್ನು ನೋಡಿ ಪುಣೆ ಮುಂಬಯಿಯ ದೊಡ್ಡ ಮನೆತನದ ಹೆಂಗಸರು ಹಾಗೆಯೇ ಉಡತೊಡಗಿದರು. ಅದೇ ಪಾತ್ರಕ್ಕೆ ನಿಜವಾದ ಹೆಣ್ಣೊಬ್ಬಳು ಬಂದರೆ ಆಕೆಯ ಮನೆತನ ಯಾವುದು, ನಡತೆ ಎಂಥದು ಎಂಬ ವಿಚಾರಣೆ ಶುರುವಾಗುತ್ತಿತ್ತು. ಇದು ಅನ್ಯಾಯ. ಬೀಳಗಿಯ ಹೆಣ್ಣುಮಕ್ಕಳು ಮನೆಯಿಂದ ಹೊರಗೆ ಕಾಲಿಟ್ಟದ್ದು ಈ ಅನ್ಯಾಯದ ನಡುವೆ.

ಅಮೀರಬಾಯಿ ಅವರದು ಐವರು ಅಕ್ಕತಂಗಿಯರ ಮನೆ. ಸಂಗೀತದ ಒಡನಾಟ ಇದ್ದ ಸಾಧಾರಣ ಸ್ಥಿತಿಯ ಕುಟುಂಬ. ಆ ಐವರಲ್ಲಿ ಊರಾಚೆ ಹೆಸರು ಮಾಡಿದವರು ಇಬ್ಬರು, ಅಕ್ಕ ಗೋಹರಬಾಯಿ ಮತ್ತು ತಂಗಿ ಅಮೀರಬಾಯಿ. ಅಮೀರಬಾಯಿ ಮೆಟ್ರಿಕ್ ಮುಗಿಸಿ, ಸುಮಾರು ಹದಿನೈದನೆಯ ವಯಸ್ಸಿಗೆ ಮುಂಬಯಿಗೆ ಹೋದರೆಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಈ ‘ಮೆಟ್ರಿಕ್’ ಎಂಬಲ್ಲಿ ನಾನು ಪ್ರತಿ ಸಲವೂ ತಡೆದು ನಿಲ್ಲುತ್ತೇನೆ. ಆ ಕಾಲದಲ್ಲಿ ಗಂಡುಮಕ್ಕಳೇ ಮುಲ್ಕಿ ಪರೀಕ್ಷೆಗೆ ಶಾಲೆ ಬಿಡುತ್ತಿದ್ದರು. ಹೆಣ್ಣುಮಗಳನ್ನು ಅಷ್ಟು ದೂರ ಓದಿಸಿದ ಮನೆ ಎಂದರೆ ಆ ಮನೆಯಲ್ಲಿ ಹೆಣ್ಣಿನ ಬುದ್ಧಿಗೆ ಬೆಲೆ ಇತ್ತು. ಮುಂದೆ ಅವರು ಹಾಡುಗಳ ಸಾಹಿತ್ಯವನ್ನು ತಿಳಿದು, ಮಾತಿನ ಕಸುವನ್ನು ಹಿಡಿದು ಹಾಡಿದ ರೀತಿಯಲ್ಲಿ ಓದಿನ ಗುರುತು ಕೇಳಿಸುತ್ತದೆ. ಅಮೀರಬಾಯಿ ಹಾಡುವಾಗ ಪ್ರತಿಯೊಂದು ಅಕ್ಷರವೂ ಬಿಡಿಬಿಡಿಯಾಗಿ ಕಿವಿಗೆ ಮುಟ್ಟುತ್ತದೆ. ಅರ್ಥ ತಿಳಿಯದೆ ಕೇವಲ ರಾಗ ಒಪ್ಪಿಸುವವರ ಹಾಡಿನಲ್ಲಿ ಇದು ಇರುವುದಿಲ್ಲ.

ಮುಂಬಯಿಯಲ್ಲಿ ಆಗ ಎರಡು ಬಾಗಿಲು ತೆರೆದಿದ್ದವು. ಒಂದು ಗ್ರಾಮಫೋನು, ಇನ್ನೊಂದು ಸಿನಿಮಾ. ಅಮೀರಬಾಯಿ ಅವರಿಗೆ ಎರಡೂ ದಕ್ಕಿದವು. ಎಚ್.ಎಂ.ವಿ. ಕಂಪನಿಯ ಪ್ರತಿನಿಧಿಯೊಬ್ಬರು ಅವರ ಹಾಡು ಕೇಳಿ ಮೆಚ್ಚಿ, ಒಂದು ಕವ್ವಾಲಿಯನ್ನು ಹಾಡಿಸಿ ತಟ್ಟೆ ಮಾಡಿಸಿದರು. ಅದು ಜನಪ್ರಿಯವಾಯಿತು. ಹೇಳಲಿಕ್ಕೆ ಎರಡು ವಾಕ್ಯದ ಸಂಗತಿ. ಆದರೆ ಆ ಕಾಲದ ಮುದ್ರಣ ಹೇಗಿತ್ತೆಂದು ಸ್ವಲ್ಪ ನೆನೆಯಿರಿ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆ. ಒಂದು ಬದಿಗೆ ಹಿಡಿಸುವುದು ಮೂರು ಮೂರೂವರೆ ನಿಮಿಷದ ಹಾಡು. ಹಾಡುವವರು, ಪೇಟಿಯವರು, ತಬಲಾದವರು ಎಲ್ಲರೂ ಒಂದೇ ಕೋಣೆಯಲ್ಲಿ ಒಂದೇ ಹೊತ್ತಿಗೆ. ನಡುವೆ ಕೆಮ್ಮು ಬಂದರೆ, ಒಂದು ಮಾತು ತಪ್ಪಿದರೆ ಆ ಮೇಣದ ತಟ್ಟೆ ವ್ಯರ್ಥ. ಮತ್ತೆ ಮೊದಲಿನಿಂದ ಹಾಡಬೇಕು. ಈಗಿನಂತೆ ಕತ್ತರಿಸಿ ಜೋಡಿಸುವ ಮಾತೇ ಇರಲಿಲ್ಲ. ಜಾತ್ರೆಯ ನಾಟಕದಲ್ಲಿ ಜನ ಒನ್ಸ್ ಮೋರ್ ಎಂದಷ್ಟೂ ಬೆಳೆಸಿ ಹಾಡುವ ಪದ್ಧತಿಯ ಸೀಮೆಯಿಂದ ಬಂದವರು ಮೂರು ನಿಮಿಷದೊಳಗೆ ಹಾಡಿನ ಜೀವವನ್ನೆಲ್ಲ ಇಟ್ಟು ಮುಗಿಸುವುದನ್ನು ಕಲಿಯಬೇಕಾಯಿತು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರೂ 1930ರ ದಶಕದಲ್ಲಿ ಇದೇ ಕಂಪನಿಗೆ ಹಾಡಿದರು. ಆಗ ತಟ್ಟೆಯ ಮೇಲೆ ಅವರ ಹೆಸರು ‘ಗಾಂಧಾರಿ’ ಎಂದು ಅಚ್ಚಾಗಿತ್ತು.

ಬೀಳಗಿಯ ಅಕ್ಕತಂಗಿಯರು ತಮ್ಮ ಹೆಸರಿನ ಮುಂದೆ ‘ಕರ್ನಾಟಕಿ’ ಎಂದು ಇಟ್ಟುಕೊಂಡರು. ಕರ್ನಾಟಕ ಎಂಬ ರಾಜ್ಯ ಆಗ ಇರಲಿಲ್ಲ. ಏಕೀಕರಣ ಆದದ್ದು 1956ರಲ್ಲಿ, ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ. ಅಂಬಾಲೆಯ ಜೊಹರಾಬಾಯಿ ಅಂಬಾಲೆವಾಲಿಯಾದಂತೆ, ಊರು ಸೀಮೆಯ ಹೆಸರು ಹಚ್ಚಿಕೊಳ್ಳುವುದು ಅಂದಿನ ಗಾಯಕಿಯರ ರೂಢಿ. ಆ ರೂಢಿಯಿಂದಾಗಿ ಲಾಹೋರ್, ಕಲ್ಕತ್ತೆಯ ಅಂಗಡಿಗಳಲ್ಲಿ ಮಾರಾಟವಾದ ತಟ್ಟೆಗಳ ಮೇಲೆ ನಮ್ಮ ನಾಡಿನ ಹೆಸರು ಅಚ್ಚಾಯಿತು.

ಈಗ ಸಿನಿಮಾ. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ‘ಆಲಂ ಆರಾ’ ಬಿಡುಗಡೆಯಾಯಿತು. ಚಿತ್ರ ಮಾತಾಡತೊಡಗಿದ ಕೂಡಲೇ ಮೂಕಿ ಯುಗದ ಎಷ್ಟೋ ನಟಿಯರು ಕಷ್ಟಕ್ಕೆ ಬಿದ್ದರು. ಮುಖ ಚೆನ್ನಾಗಿದ್ದರೆ ಸಾಲದು, ಹಿಂದುಸ್ತಾನಿ ಮಾತು ಸ್ಪಷ್ಟವಾಗಿ ಬರಬೇಕು, ಹಾಡಲೂ ಬರಬೇಕು. ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ಕ್ಯಾಮರಾ ಎದುರು ನಟಿಸುತ್ತಲೇ ಹಾಡಬೇಕು, ವಾದ್ಯದವರು ಚೌಕಟ್ಟಿನಾಚೆ ಗಿಡದ ಹಿಂದೆಯೋ ಪರದೆಯ ಹಿಂದೆಯೋ ಅಡಗಿ ಕುಳಿತು ನುಡಿಸಬೇಕು. ಇಂಥ ಕೆಲಸಕ್ಕೆ ಯಾರು ಒದಗುತ್ತಾರೆ? ಸಂಗೀತ ನಾಟಕದ ಗಾಳಿ ಉಂಡವರು, ಮೆಹಫಿಲಿನಲ್ಲಿ ಹಾಡಿದವರು. ದೊಡ್ಡ ಮನೆತನದವರು ಮೂಗು ಮುರಿದು ದೂರ ಇಟ್ಟಿದ್ದ ವಿದ್ಯೆಗೆ ಒಮ್ಮೆಲೇ ಬೇಡಿಕೆ ಬಂತು. ಗೋಹರಬಾಯಿ ಅಷ್ಟರಲ್ಲಿ ಮುಂಬಯಿಯ ಚಿತ್ರರಂಗದೊಳಗೆ ಕಾಲೂರಿದ್ದರು. ಅಕ್ಕ ತಂಗಿಯ ಕೈ ಹಿಡಿದು ಒಳಗೆ ಕರೆದುಕೊಂಡರು. 1934ರ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಅಮೀರಬಾಯಿ ಅವರಿಗೆ ಪಾತ್ರ ಸಿಕ್ಕಿತು. ಅಲ್ಲಿಂದ ಅವರ ಚಿತ್ರಜೀವನ ಶುರು.

ಅದೇ 1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆ ಕಂಡಿತು. ಅದರ ಚಿತ್ರೀಕರಣ ನಡೆದದ್ದು ಜಮಖಂಡಿಯಿಂದ ಬಹಳ ದೂರವೇನೂ ಇಲ್ಲದ ಕೊಲ್ಹಾಪುರದಲ್ಲಿ. ಕನ್ನಡ ಚಿತ್ರರಂಗ ಇನ್ನೂ ತೊಟ್ಟಿಲಲ್ಲಿತ್ತು. ವರ್ಷಕ್ಕೆ ಒಂದೆರಡು ಚಿತ್ರ ಬಂದರೆ ಹೆಚ್ಚು, ಕೆಲವು ವರ್ಷ ಅದೂ ಇಲ್ಲ. ಕನ್ನಡದ ಕಂಠವೊಂದು ಹೊಟ್ಟೆಪಾಡಿಗೆ ಹಿಂದಿಗೆ ಹೋಯಿತೆಂದು ಇವತ್ತು ಹಳಹಳಿಸುವವರು ಈ ಇಸವಿಯನ್ನು ನೆನಪಿಟ್ಟುಕೊಳ್ಳಬೇಕು. ಉಳಿಯಲು ಇಲ್ಲಿ ಮನೆಯೇ ಕಟ್ಟಿರಲಿಲ್ಲ. ಹುಬ್ಬಳ್ಳಿ ಹತ್ತಿರದ ಅದರಗುಂಚಿಯ ಶಾಂತಾ ಹುಬ್ಳೀಕರ್ ಅವರದೂ ಹೀಗೇ. ಅವರು ಪುಣೆಯ ಪ್ರಭಾತ್ ಕಂಪನಿಗೆ ಹೋಗಿ 1939ರಲ್ಲಿ ಶಾಂತಾರಾಮರ ‘ಮಾಣೂಸ್’ ಚಿತ್ರದಿಂದ ದೇಶಕ್ಕೆಲ್ಲ ಗೊತ್ತಾದರು.

ಈ ಬಗೆಯ ಆರಂಭ ಬೇರೆ ದೇಶಗಳಲ್ಲೂ ಅದೇ ಕಾಲದಲ್ಲಿ ಕಾಣುತ್ತದೆ. ಬ್ರೆಜಿಲ್ ದೇಶದ ಗಾಯಕಿ ಕಾರ್ಮೆನ್ ಮಿರಾಂಡಾ ಅವರ ಬದುಕನ್ನು ಓದುವಾಗ ನನಗೆ ಮತ್ತೆ ಮತ್ತೆ ಬೀಳಗಿಯೇ ನೆನಪಾಯಿತು. 1909ರಲ್ಲಿ ಪೋರ್ಚುಗಲ್ಲಿನ ಒಂದು ಹಳ್ಳಿಗಾಡಿನಲ್ಲಿ ಹುಟ್ಟಿ, ಹಾಲುಗೂಸಾಗಿದ್ದಾಗಲೇ ರಿಯೋ ನಗರಕ್ಕೆ ಬಂದವರು. ತಂದೆ ಕ್ಷೌರಿಕ, ತಾಯಿ ಊಟದ ಮನೆ ನಡೆಸುತ್ತಿದ್ದರು. ಅಕ್ಕನಿಗೆ ಕ್ಷಯ ಬಂದಾಗ ಚಿಕಿತ್ಸೆಯ ಖರ್ಚಿಗಾಗಿ ಹುಡುಗಿ ಶಾಲೆ ಬಿಟ್ಟು ಅಂಗಡಿಯಲ್ಲಿ ದುಡಿದಳು, ಟೋಪಿ ಹೊಲಿದಳು. 1929ರ ಹೊತ್ತಿಗೆ ಮೊದಲ ಗ್ರಾಮಫೋನ್ ತಟ್ಟೆ. 1930ರಲ್ಲಿ ಒಂದು ಹಾಡು ಸಾವಿರ ಸಾವಿರ ಪ್ರತಿ ಮಾರಾಟವಾಗಿ ಮನೆಮಾತಾದರು. ಚಿತ್ರಗಳು ಮಾತಾಡತೊಡಗಿದ ಮೇಲೆ ಅವರಿಗೂ ಸಿನಿಮಾದ ಕರೆ ಬಂತು. 1936ರ ಒಂದು ಚಿತ್ರದಲ್ಲಿ ತಂಗಿ ಔರೋರಾ ಜೊತೆ ಸೇರಿ ಹಾಡಿದರು. ಅಲ್ಲೂ ಮೊದಲು ತಟ್ಟೆ, ಆಮೇಲೆ ತೆರೆ. ಅಲ್ಲೂ ಒಬ್ಬಳ ಹಿಂದೆ ಒಬ್ಬಳು ಒಡಹುಟ್ಟಿದವಳು. ಭೂಮಿಯ ಎರಡು ತುದಿಯಲ್ಲಿದ್ದ ಈ ಹೆಣ್ಣುಮಕ್ಕಳಿಗೆ ಒಬ್ಬರಿಗೊಬ್ಬರ ಪರಿಚಯವಿಲ್ಲ. ಹೊಸದಾಗಿ ಬಂದ ಯಂತ್ರಗಳಿಗೆ ಹೆಣ್ಣಿನ ದನಿ ಬೇಕಾಗಿತ್ತು, ಬಡತನ ಕಂಡ ಮನೆಗಳ ಮಕ್ಕಳು ಧೈರ್ಯ ಮಾಡಿ ಮುಂದೆ ಬಂದರು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕಾರ್ಮೆನ್ ಅವರ ಭಾಷೆಯ ಸಿನಿಮಾ ಅವರು ಬೆಳೆದ ಊರಿನಲ್ಲೇ ತಯಾರಾಗುತ್ತಿತ್ತು. ಅಮೀರಬಾಯಿ ತಾಯ್ನುಡಿಯನ್ನು ಊರಲ್ಲೇ ಬಿಟ್ಟು ಹೊರಡಬೇಕಾಯಿತು.

1934ರಿಂದ 1943. ಈ ಒಂಬತ್ತು ವರ್ಷ ಸುಮ್ಮನೆ ಕಳೆದದ್ದಲ್ಲ. ಮೊದಲ ಚಿತ್ರ ಬಂದ ಕೂಡಲೇ ಅಮೀರಬಾಯಿ ತಾರೆಯಾಗಲಿಲ್ಲ. ಸಿಕ್ಕ ಪಾತ್ರ ಮಾಡಿದರು, ಸಿಕ್ಕ ಹಾಡು ಹಾಡಿದರು. ಈ ನಡುವೆ ಕಸುಬಿನ ರೀತಿಯೇ ಬದಲಾಯಿತು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸಿನವರ ‘ಧೂಪ್ ಛಾಂವ್’ ಚಿತ್ರದಿಂದ ಹಿನ್ನೆಲೆ ಗಾಯನ ಬಳಕೆಗೆ ಬಂತು. ಹಾಡುವವರು ಬೇರೆ, ತುಟಿ ಆಡಿಸುವವರು ಬೇರೆ ಎಂದಾಯಿತು. ಎಷ್ಟೋ ಗಾಯಕನಟಿಯರಿಗೆ ಇದು ಪೆಟ್ಟು. ಅಮೀರಬಾಯಿ ಇದನ್ನು ಅನುಕೂಲ ಮಾಡಿಕೊಂಡರು. ನಟಿಸುವುದನ್ನು ಬಿಡಲಿಲ್ಲ, ಬೇರೆಯವರಿಗೆ ದನಿ ಕೊಡುವುದನ್ನೂ ಕಲಿತರು. ಇನ್ನೊಬ್ಬ ನಟಿಯ ಮುಖದ ಭಾವಕ್ಕೆ, ಆಕೆಯ ಉಸಿರಿನ ಅಳತೆಗೆ ಹೊಂದಿಸಿ ಹಾಡುವುದು ಬೇರೆಯೇ ವಿದ್ಯೆ. ತಾನೇ ಕ್ಯಾಮರಾ ಎದುರು ನಿಂತು ಹಾಡಿದ ಅನುಭವ ಇದ್ದವರಿಗೆ ಅದು ಒಲಿಯುವುದು ಸುಲಭ ಎಂದು ನನ್ನ ಎಣಿಕೆ.

1940ರಲ್ಲಿ ವಿಜಯ್ ಭಟ್ಟರ ‘ನರಸೀ ಭಗತ್’ ಬಂತು. ವಿಷ್ಣುಪಂತ ಪಾಗನೀಸರು ನರಸಿಂಹ ಮೆಹತಾ, ಜೊತೆಗೆ ದುರ್ಗಾ ಖೋಟೆ. ಮಹಾತ್ಮಾ ಗಾಂಧಿಯವರಿಗೆ ಪ್ರಿಯವಾಗಿದ್ದ ನರಸಿಂಹ ಮೆಹತಾರ ಭಜನೆ ಈ ಚಿತ್ರದ ಮೂಲಕ ಅಮೀರಬಾಯಿ ಅವರ ಕಂಠದಲ್ಲಿ ಮನೆಮನೆಗೆ ಹೋಯಿತು. ಗುಜರಾತಿನ ವೈಷ್ಣವ ಸಂತನ ಪದ, ಕನ್ನಡ ನೆಲದ ಮುಸ್ಲಿಂ ಹೆಣ್ಣುಮಗಳ ದನಿ. ನಮ್ಮ ಸೀಮೆಯವರಿಗೆ ಇದರಲ್ಲಿ ಬೆರಗು ಪಡುವಂಥದ್ದು ಏನೂ ಇರಲಿಲ್ಲ. ದರ್ಗಾದ ಉರುಸಿಗೂ ಮಠದ ಜಾತ್ರೆಗೂ ಒಂದೇ ಜನ ಹೋಗುತ್ತಿದ್ದರು, ತತ್ವಪದದ ಭಜನೆಯಲ್ಲಿ ಎಲ್ಲ ಓಣಿಯವರೂ ಕೂಡುತ್ತಿದ್ದರು. ಆ ಭಜನೆ ಹಾಡುವಾಗ ಅಮೀರಬಾಯಿ ಅವರು ಪರಕೀಯವಾದದ್ದೇನನ್ನೋ ಹಾಡುತ್ತಿರುವಂತೆ ಅನ್ನಿಸುವುದೇ ಇಲ್ಲ. ಮೂರು ವರ್ಷದ ಮೇಲೆ ‘ಕಿಸ್ಮತ್’. ಮರುವರ್ಷ ‘ರತನ್’.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ನಟ ಹಿಮಾಲಯವಾಲಾ ಅವರೊಂದಿಗಿನ ಮೊದಲ ಮದುವೆ ದುಃಖದ್ದಾಯಿತು. ಆಮೇಲೆ ಪತ್ರಿಕಾ ಸಂಪಾದಕ ಬದ್ರಿ ಕಾಂಚವಾಲಾ ಅವರ ಕೈ ಹಿಡಿದು ನೆಮ್ಮದಿ ಕಂಡರು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಸಂಗೀತ ನಿರ್ದೇಶನ ಮಾಡಿದರು. ಹೆಣ್ಣು ಸಂಗೀತ ನಿರ್ದೇಶಕಿಯಾಗುವುದು ಇಂದಿಗೂ ಅಪರೂಪ. 1949ರ ಹೊತ್ತಿಗೆ ಲತಾ ಮಂಗೇಶಕರರ ತೆಳು ದನಿ ಚಿತ್ರರಂಗವನ್ನು ತುಂಬಿಕೊಂಡಿತು, ಹಳೆಯ ತುಂಬು ಕಂಠಗಳಿಗೆ ಬೇಡಿಕೆ ಕಡಿಮೆಯಾಯಿತು. 1950ರ ‘ಸಮಾಧಿ’ ಚಿತ್ರದಲ್ಲಿ ಈ ಎರಡೂ ಕಾಲದ ದನಿಗಳು ಒಂದೇ ಹಾಡಿನಲ್ಲಿ ಕೂಡಿವೆ. ಲತಾ ಅವರ ಜೊತೆಗೆ ಹಾಡಿದವರು ಅಮೀರಬಾಯಿ. ಆಮೇಲೆ ಅವರು ಪೋಷಕ ಪಾತ್ರಗಳಲ್ಲಿ ಕಾಣಿಸಿಕೊಂಡರು. 1965ರ ಮಾರ್ಚ್ 3ರಂದು ತೀರಿಕೊಂಡರು. ವಿಜಾಪುರದವರಿಗೆ ಅಮೀರ್ ಟಾಕೀಸ್ ಗೊತ್ತು, ಅದು ಅವರ ಹೆಸರಿನ ಚಿತ್ರಮಂದಿರ. ರಹಮತ್ ತರೀಕೆರೆಯವರು ಊರೂರು ತಿರುಗಿ ಸಂಗತಿ ಕಲೆಹಾಕಿ ಅವರ ಜೀವನಚರಿತ್ರೆ ಬರೆದಿರುವುದರಿಂದ ಕನ್ನಡದ ಓದುಗರಿಗೆ ಈ ಬದುಕು ಮತ್ತೆ ಸಿಕ್ಕಿದೆ. ಆ ಉಪಕಾರ ದೊಡ್ಡದು.

ಅಕ್ಕ ಗೋಹರಬಾಯಿ ಅವರ ವಿಷಯ ಬಿಟ್ಟು ಈ ಮಾತು ಮುಗಿಸಲಾರೆ. ಬಾಲಗಂಧರ್ವರ ಶೈಲಿಯ ನಾಟ್ಯಗೀತೆಗಳನ್ನು ಹಾಡುತ್ತಿದ್ದ ಅವರು 1930ರ ದಶಕದ ಕೊನೆಗೆ ಗಂಧರ್ವ ನಾಟಕ ಮಂಡಳಿಯನ್ನೇ ಸೇರಿದರು. ಮಂಡಳಿ ಸಾಲದಲ್ಲಿ ಮುಳುಗಿತ್ತು, ಗಂಧರ್ವರಿಗೆ ಐವತ್ತು ದಾಟುತ್ತಿತ್ತು. ಇಡೀ ಮಹಾರಾಷ್ಟ್ರ ಹೆಣ್ಣಿನ ಚೆಲುವಿಗೆ ಮಾದರಿಯೆಂದು ಒಪ್ಪಿಕೊಂಡಿದ್ದ ಆ ಕಲಾವಿದರ ರಂಗದ ಮೇಲೆ ಬೀಳಗಿಯ ಹೆಣ್ಣುಮಗಳು ನಾಯಕಿಯಾಗಿ ನಿಂತರು. ಅವರಿಬ್ಬರೂ ಬಾಳಸಂಗಾತಿಗಳಾದಾಗ ಮರಾಠಿ ಅಭಿಮಾನಿಗಳಲ್ಲಿ ಅನೇಕರು ಗೋಹರಬಾಯಿ ಅವರನ್ನು ಕ್ಷಮಿಸಲಿಲ್ಲ. ಗಂಧರ್ವರ ಇಳಿಗಾಲದ ಕಷ್ಟಗಳಿಗೆಲ್ಲ ಆಕೆಯೇ ಕಾರಣ ಎಂದು ಬರೆದವರೂ ಇದ್ದಾರೆ. ಆದರೆ ಮುದುಕರಾಗಿ, ಕಾಲಿನ ಶಕ್ತಿ ಕುಂದಿದ ಗಂಧರ್ವರ ಪಕ್ಕದಲ್ಲಿ 1964ರಲ್ಲಿ ತಾವು ಕಣ್ಮುಚ್ಚುವ ತನಕ ಇದ್ದವರು ಗೋಹರಬಾಯಿ. ಈ ಒಂದು ಸಂಗತಿಯನ್ನು ಆ ದೂರುಗಳ ಪಕ್ಕದಲ್ಲಿ ಇಟ್ಟು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ತಂಗಿಗೆ ಚಿತ್ರರಂಗದ ಬಾಗಿಲು ತೆರೆದುಕೊಟ್ಟ ಈ ಅಕ್ಕನ ಬಗ್ಗೆ ಕನ್ನಡದಲ್ಲಿ ಇನ್ನೂ ಬರೆಯುವುದು ಬಹಳ ಇದೆ. ಜಮಖಂಡಿ, ಮುಧೋಳ, ಬನಹಟ್ಟಿಯ ಕಾಲೇಜುಗಳಲ್ಲಿ ಸಂಶೋಧನೆಗೆ ವಿಷಯ ಹುಡುಕುತ್ತಿರುವ ಹೆಣ್ಣುಮಕ್ಕಳೆ, ಬೀಳಗಿ ನಿಮಗೆ ಬಸ್ಸಿನ ದಾರಿ.

ಈಗ ಅಮೀರಬಾಯಿ ಅವರ ದನಿಯಲ್ಲೇ ಒಂದು ಹಾಡು ಕೇಳಿ. 1944ರ ‘ರತನ್’ ಚಿತ್ರದ್ದು, ಸಂಗೀತ ನೌಶಾದ್ ಅವರದು. ತಟ್ಟೆ ಹಳೆಯದು, ಸ್ವಲ್ಪ ಕರಕರ ಸಪ್ಪಳ ಇದೆ.